ಹೊಸ ನರ್ಸಮ್ಮನ ಮೊದಲ ವರ್ಷ



ನಮ್ಮ ತಾಳವಾಡಿ ಬೆಟ್ಟದ ಊರುಗಳ ಮಕ್ಕಳು ನರ್ಸಿಂಗ್ ಓದುವುದೆಂದರೆ ಮನೆ ಬಿಟ್ಟು ದೂರ ಹೋಗಲೇಬೇಕು. ಕೆಲವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ, ಈರೋಡು, ಕೊಯಮತ್ತೂರಿನ ಕಡೆ ಹೋಗುತ್ತಾರೆ. ಇನ್ನು ಕೆಲವರು ಗಡಿ ದಾಟಿ ಚಾಮರಾಜನಗರ, ಮೈಸೂರಿನ ಕಡೆ ಹೋಗುತ್ತಾರೆ. ಫೀಸಿಗಾಗಿ ಅಪ್ಪ ಸಾಲ ಮಾಡಿರುತ್ತಾನೆ, ಅವ್ವ ಓಲೆಯನ್ನೋ ಬಳೆಯನ್ನೋ ಅಡವಿಟ್ಟಿರುತ್ತಾಳೆ. ಮೂರು ನಾಲ್ಕು ವರ್ಷ ಕಳೆಯುತ್ತದೆ. ಪರೀಕ್ಷೆ ಪಾಸಾಗುತ್ತದೆ, ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾಗುತ್ತದೆ, ಕೊನೆಗೊಂದು ದಿನ ಕೆಲಸದ ಆರ್ಡರೂ ಬರುತ್ತದೆ. ಮನೆಯಲ್ಲಿ ಪಾಯಸ ಮಾಡುತ್ತಾರೆ.

ಆದರೆ ಅದೇ ರಾತ್ರಿ ಆ ಹುಡುಗಿಗೆ ನಿದ್ದೆ ಬರುವುದಿಲ್ಲ. "ನಾಳೆಯಿಂದ ನಾನೇ ಸೂಜಿ ಹಾಕಬೇಕು, ನಾನೇ ಔಷಧಿ ಕೊಡಬೇಕು. ನನ್ನ ಕೈಯಿಂದ ಒಂದು ಜೀವಕ್ಕೆ ತೊಂದರೆಯಾದರೆ?" ಈ ಒಂದು ಯೋಚನೆ ಎದೆಯಲ್ಲಿ ಕುಳಿತು ಕೊರೆಯುತ್ತದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಕೆಲವರು, "ಅವ್ವ, ನನಗೆ ಈ ಕೆಲಸ ಆಗೋದಿಲ್ಲ, ಊರಿಗೆ ಬಂದುಬಿಡುತ್ತೇನೆ" ಎಂದು ಫೋನಿನಲ್ಲಿ ಅಳುತ್ತಾರೆ. ಮನೆಯವರಿಗೆ ಕೈಕಾಲು ಆಡುವುದಿಲ್ಲ. ಇಷ್ಟು ಖರ್ಚು ಮಾಡಿ ಓದಿಸಿದ್ದು ಇದಕ್ಕೇನಾ ಎಂದು ಒಬ್ಬರೆಂದರೆ, ಹೋಗಲಿ ಬಂದುಬಿಡು ಎಂದು ಇನ್ನೊಬ್ಬರು ಹೇಳುತ್ತಾರೆ. ಇಂದಿನ ಈ ಮಾತು ಹೀಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಮತ್ತು ಅವರ ಮನೆಯವರಿಗೆ.

ಈ ಭಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಓದುವ ಕಾಲದಲ್ಲಿ ವಿದ್ಯಾರ್ಥಿನಿ ಸೂಜಿ ಹಿಡಿದಾಗ ಬೆನ್ನ ಹಿಂದೆ ಟೀಚರ್ ನಿಂತಿರುತ್ತಾರೆ. ಒಂದು ದಿನಕ್ಕೆ ಒಬ್ಬಿಬ್ಬರು ರೋಗಿಗಳನ್ನು ಒಪ್ಪಿಸಿರುತ್ತಾರೆ. ತಪ್ಪಿದರೆ ತಿದ್ದುವವರು ಪಕ್ಕದಲ್ಲೇ ಇರುತ್ತಾರೆ. ಕೆಲಸಕ್ಕೆ ಸೇರಿದ ಮರುದಿನದಿಂದ ಪುಸ್ತಕದಲ್ಲಿ ಸಹಿ ಆಕೆಯದೇ. ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅನೇಕ ಆಸ್ಪತ್ರೆಗಳಲ್ಲಿ ಇದು ಕಾಗದದ ಮೇಲೆ ಮಾತ್ರ ಇದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೋ ಇಬ್ಬರೋ ನೋಡಿಕೊಳ್ಳಬೇಕಾಗುತ್ತದೆ. ಹಾಗಾಗಿ ಹೊಸಬಳ ಭಯದಲ್ಲಿ ಒಂದು ಪಾಲು ಆಕೆಯದಾದರೆ, ಇನ್ನೊಂದು ಪಾಲು ಆಕೆ ನಿಂತಿರುವ ಜಾಗದ್ದು. "ನಾನು ಹೇಡಿ" ಎಂದು ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಳ್ಳಬೇಕಾಗಿಲ್ಲ.

ಇದು ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಅಮೆರಿಕದ ಮಾರ್ಲೀನ್ ಕ್ರೇಮರ್ ಎಂಬ ನರ್ಸಿಂಗ್ ವಿದ್ವಾಂಸರು 1974 ರಲ್ಲಿ ಒಂದು ಪುಸ್ತಕ ಬರೆದರು. ಹೊಸ ನರ್ಸುಗಳು ಯಾಕೆ ಕೆಲಸ ಬಿಟ್ಟು ಹೋಗುತ್ತಾರೆ ಎಂಬುದೇ ಅದರ ವಿಷಯ. ಅದಕ್ಕೆ ಅವರು ಇಟ್ಟ ಹೆಸರು ರಿಯಾಲಿಟಿ ಶಾಕ್. ಇದನ್ನು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದಾರೆ: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಬೆಟ್ಟದಲ್ಲೇ ಹುಟ್ಟಿ ಬೆಳೆದ ನಮಗೆ ಕಲ್ಲು ಮುಳ್ಳು ಹತ್ತಿರ ಹೋದಾಗಲೇ ಕಾಣುವುದು ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರೇಮರ್ ಹೇಳುವಂತೆ ಮೊದಲ ಕೆಲವು ವಾರ ಎಲ್ಲವೂ ಚೆಂದ ಕಾಣುತ್ತದೆ. ಹೊಸ ಸಮವಸ್ತ್ರ, ಮೊದಲ ಸಂಬಳ, ಸಿಸ್ಟರ್ ಎಂದು ಕರೆಯುವ ಜನ. ಆಮೇಲೆ ಆಘಾತದ ಕಾಲ. ಕಲಿತದ್ದೇ ಒಂದು, ಇಲ್ಲಿ ನಡೆಯುವುದೇ ಇನ್ನೊಂದು ಎಂಬ ಬೇಸರ, ಸಿಟ್ಟು, ಅಳು. ಅದು ಕಳೆದ ಮೇಲೆ ನಿಧಾನವಾಗಿ ಚೇತರಿಕೆ. ಕೊನೆಗೆ ಒಂದು ಹದಕ್ಕೆ ಬರುವುದು.

ಅದೇ ದೇಶದ ಪೆಟ್ರೀಷಿಯಾ ಬೆನ್ನರ್ 1984 ರಲ್ಲಿ ಇನ್ನೊಂದು ಮಾತು ಹೇಳಿದರು. ನರ್ಸ್ ಎಂಬಾಕೆ ಒಂದೇ ದಿನದಲ್ಲಿ ನುರಿತವಳಾಗುವುದಿಲ್ಲ, ಐದು ಮೆಟ್ಟಿಲು ಹತ್ತಬೇಕು. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಮೂರನೆಯ ಮೆಟ್ಟಿಲು, ಅಂದರೆ ತನ್ನ ಕೆಲಸವನ್ನು ತಾನೇ ಯೋಜಿಸಿ ಮಾಡಬಲ್ಲ ಹಂತ ಬರುತ್ತದೆ. ಕೆನಡಾದ ಜೂಡಿ ಡಷರ್ 2009 ರಲ್ಲಿ ಪ್ರಕಟಿಸಿದ ಅಧ್ಯಯನವೂ ಮೊದಲ ಮೂರು ನಾಲ್ಕು ತಿಂಗಳೇ ಎಲ್ಲಕ್ಕಿಂತ ಕಠಿಣ ಎನ್ನುತ್ತದೆ. ಇದನ್ನೆಲ್ಲ ಇಲ್ಲಿ ಹೇಳಲು ಒಂದು ಕಾರಣವಿದೆ. ಎರಡನೇ ತಿಂಗಳಲ್ಲಿ ಕುಳಿತು "ನನಗೆ ಇನ್ನೂ ಏನೂ ಬರುವುದಿಲ್ಲ" ಎಂದು ಅಳುವ ಹುಡುಗಿ, ಎರಡು ವರ್ಷದಲ್ಲಿ ಬರಬೇಕಾದದ್ದು ಎರಡು ತಿಂಗಳಲ್ಲಿ ಬರಲಿಲ್ಲ ಎಂದು ಅಳುತ್ತಿರುತ್ತಾಳೆ. ಅರಿಶಿನ ನೆಟ್ಟು ಎರಡನೇ ತಿಂಗಳಲ್ಲಿ ಯಾರಾದರೂ ಕಿತ್ತು ನೋಡುತ್ತಾರೆಯೇ?

ಹಾಗಾದರೆ ಆ ಎರಡು ವರ್ಷ ಸುಮ್ಮನೆ ಕಾಯುತ್ತಾ ಕೂರಬೇಕೇ? ಇಲ್ಲ. ಕಲಿಯಬೇಕು, ಅದೂ ಇನ್ನೊಬ್ಬರ ಮಗ್ಗುಲಲ್ಲಿ ನಿಂತು ಕಲಿಯಬೇಕು. ಇದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಉದಾಹರಣೆಗಳಿವೆ. ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರುತ್ತೀರಿ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ನಮ್ಮ ಹಾಗೆ ಗಡಿಯ ಸೀಮೆಯವರು, ಪಾವಗಡದ ಸುತ್ತ ಆಂಧ್ರದ ನೆಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದವರೆಂದು ಅವರನ್ನು ಜನ ನೆನೆಯುತ್ತಾರೆ. ಕೇಂದ್ರ ಸರ್ಕಾರ 2018 ರಲ್ಲಿ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಕಲಿತದ್ದು ಸೂಲಗಿತ್ತಿಯಾಗಿದ್ದ ತಮ್ಮ ಅಜ್ಜಿಯ ಜೊತೆ ಹೋಗಿ, ನೋಡಿ, ಕೈಜೋಡಿಸಿ. ಅಷ್ಟು ದೊಡ್ಡ ಕೈಗುಣದ ಹಿಂದೆಯೂ ಮೊದಲು ಒಬ್ಬ ಹಿರಿಯಳ ಕೈ ಇತ್ತು.

ಇನ್ನೊಂದು ಉದಾಹರಣೆ ಪಕ್ಕದ ನೀಲಗಿರಿಯದು. ಗೂಡಲೂರಿನಲ್ಲಿ 1990 ರಲ್ಲಿ ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಅಲ್ಲಿನ ಡಾಕ್ಟರುಗಳು ಹೊರಗಿನಿಂದ ನರ್ಸುಗಳನ್ನು ಕರೆತರುವ ಬದಲು ಆದಿವಾಸಿ ಹಾಡಿಗಳ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಹೆಚ್ಚು ಓದಿರದ ಮಕ್ಕಳೂ ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಶುಶ್ರೂಷೆ ಕಲಿತರು. ಮೊದಲು ಕಲಿತವರು ಆಮೇಲೆ ಬಂದವರಿಗೆ ಹೇಳಿಕೊಟ್ಟರು. ಕಾಡಿನ ಹಾಡಿಯ ಮಗುವಿಗೆ ಇದು ಸಾಧ್ಯವಾಗಿದೆ ಎಂದಮೇಲೆ, ಕಾಲೇಜಿನಲ್ಲಿ ಓದಿ ಪಾಸಾಗಿ ಬಂದ ನಮ್ಮ ಸೋಲಿಗ, ಊರಾಳಿ, ಒಕ್ಕಲಿನ ಮನೆಗಳ ಮಕ್ಕಳಿಗೆ ಯಾಕೆ ಸಾಧ್ಯವಾಗುವುದಿಲ್ಲ?

ಈಗ ಕೆಲಸದ ಮಾತಿಗೆ ಬರೋಣ. ಡ್ಯೂಟಿಗೆ ಹೋಗುವ ದಾರಿಯಲ್ಲೋ, ಎಮರ್ಜೆನ್ಸಿ ಬಂದಾಗಲೋ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಇದು ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಹೆಚ್ಚಾದುದರ ಲಕ್ಷಣ. ಆನೆ ಎದುರಾದಾಗ ಓಡಲು ಕಾಲಿಗೆ ಬಲ ಕೊಡುವುದೂ ಇದೇ ರಸ. ಆದರೆ ವಾರ್ಡಿನಲ್ಲಿ ಓಡುವಂತಿಲ್ಲ, ನಿಂತು ಯೋಚಿಸಬೇಕು. ಆಗ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಐದಾರು ಸಲ ಹೀಗೆ ಮಾಡಿದರೆ ಸಾಕು. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ. ಕೈ ತೊಳೆಯುವ ಹೊತ್ತಿನಲ್ಲೇ ಇದನ್ನು ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಉಸಿರಾಟ ಆ ಗಳಿಗೆಗೆ ಮಾತ್ರ. ಭಯದ ಬೇರು ಸಡಿಲವಾಗುವುದು ಕ್ರಮದಿಂದ. ಯಾವ ಕೆಲಸಕ್ಕೆ ಒಂದು ಕ್ರಮ ಗೊತ್ತಿದೆಯೋ ಆ ಕೆಲಸದ ಭಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಔಷಧಿ ಕೊಡುವ ಮೊದಲು ಐದು ಸರಿಗಳನ್ನು ನೋಡಬೇಕೆಂದು ನರ್ಸಿಂಗ್ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು. ಇದನ್ನು ಪರೀಕ್ಷೆಗೆ ಉರು ಹೊಡೆದು ಮರೆಯುವಂತಿಲ್ಲ, ಪ್ರತಿ ಸಲ ಬಾಯಲ್ಲಿ ಹೇಳಿಕೊಳ್ಳಬೇಕು. ರೋಗಿಯ ಹೆಸರನ್ನು ನಾವೇ ಹೇಳಿ "ಹೌದಾ?" ಎಂದು ಕೇಳುವ ಬದಲು "ನಿಮ್ಮ ಹೆಸರೇನು?" ಎಂದು ಅವರಿಂದಲೇ ಹೇಳಿಸಬೇಕು. ನಮ್ಮ ಊರುಗಳಲ್ಲಿ ಒಂದೇ ವಾರ್ಡಿಗೆ ಮೂವರು ಮಾದಮ್ಮಂದಿರು ಬಂದು ಮಲಗಿದರೆ ಆಶ್ಚರ್ಯವಿಲ್ಲ. ಅರೆಗಿವಿಯ ಅಜ್ಜಿ ಯಾವ ಹೆಸರು ಕೂಗಿದರೂ ತಲೆಯಾಡಿಸುತ್ತಾರೆ.

ಹೊಸಬರನ್ನು ಹೆಚ್ಚು ಹೆದರಿಸುವುದು ಲೆಕ್ಕ. ಒಂದು ಲೆಕ್ಕವನ್ನು ಇಲ್ಲೇ ಮಾಡಿ ನೋಡೋಣ. 500 ಮಿಲಿಲೀಟರ್ ಡ್ರಿಪ್ ಬಾಟಲಿಯನ್ನು ನಾಲ್ಕು ಗಂಟೆಯಲ್ಲಿ ಮುಗಿಸಬೇಕು ಎಂದು ಡಾಕ್ಟರು ಬರೆದಿದ್ದಾರೆ. ಡ್ರಿಪ್ ಸೆಟ್ಟಿನ ಕವರಿನ ಮೇಲೆ ಒಂದು ಮಿಲಿಲೀಟರಿಗೆ 20 ಹನಿ ಎಂದಿದೆ. 500 ನ್ನು 20 ರಿಂದ ಗುಣಿಸಿದರೆ ಹತ್ತು ಸಾವಿರ ಹನಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಹತ್ತು ಸಾವಿರವನ್ನು 240 ರಿಂದ ಭಾಗಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 42 ಹನಿ. ಇಷ್ಟೇ. ಇಂಥ ನಾಲ್ಕೈದು ಲೆಕ್ಕಗಳನ್ನು ಒಂದು ಸಣ್ಣ ಪಾಕೆಟ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಂಶಯ ಬಂದರೆ ಇನ್ನೊಬ್ಬ ಸಿಸ್ಟರಿಗೆ ತೋರಿಸಿ. ಇಬ್ಬರ ಲೆಕ್ಕ ಕೂಡಿದ ಮೇಲೆ ಮುಂದಿನ ಕೆಲಸ.

ಇನ್ಸುಲಿನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. 40 ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100 ಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. 100 ಯೂನಿಟ್ಟಿನ ಇನ್ಸುಲಿನ್ನನ್ನು ತಪ್ಪಿ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಬೇಕಾದದ್ದರ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಪೊಟ್ಯಾಷಿಯಂ ಕ್ಲೋರೈಡನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಎಂದೂ ಕೊಡಬಾರದು, ಎದೆಬಡಿತವೇ ನಿಂತುಹೋಗುತ್ತದೆ. ಇಂಥ ಜಾಗಗಳಲ್ಲಿ ಭಯ ಇರಲೇಬೇಕು. ಎರಡನೇ ಸಲ ಲೇಬಲ್ ಓದಿಸುವುದು ಆ ಭಯವೇ. ಹಾಗಾಗಿ ಭಯವನ್ನು ಪೂರ್ತಿ ಕಿತ್ತೆಸೆಯಲು ಹೋಗಬೇಡಿ. ಭಯವನ್ನು ಬಾಯಿಬಿಟ್ಟು ಹೇಳಿದರೆ ಅದು ಎಚ್ಚರವಾಗುತ್ತದೆ, ಒಳಗೇ ಬಚ್ಚಿಟ್ಟರೆ ತಪ್ಪಿಗೆ ದಾರಿಯಾಗುತ್ತದೆ. ಇಂದಿನ ಮಾತಿನಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ನಮ್ಮ ಸೀಮೆಗೆ ತಕ್ಕ ಒಂದು ಉದಾಹರಣೆ ಕೊಡುತ್ತೇನೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಆಳನ್ನು ರಾತ್ರಿ ಹೊತ್ತು ತಂದಿದ್ದಾರೆ ಎನ್ನಿ. ಜೊತೆಗೆ ಹತ್ತು ಜನ, ಗಲಾಟೆ, ಅಳು. ಹೊಸ ನರ್ಸಿಗೆ ಕೈ ನಡುಗುವುದು ಸಹಜ. ಆಗಲೂ ಕ್ರಮವೇ ಕಾಪಾಡುವುದು. ಡಾಕ್ಟರಿಗೆ ಕರೆ ಹೋಗಬೇಕು. ರೋಗಿಯನ್ನು ಮಲಗಿಸಿ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಬೇಕು. ಉಸಿರಾಟ, ನಾಡಿ, ಬಿ.ಪಿ. ನೋಡಬೇಕು. ಕಣ್ಣಿನ ರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ, ವಸಡಿನಲ್ಲಿ ರಕ್ತ ಬರುತ್ತಿದೆಯೇ ಎಂದು ಗಮನಿಸಬೇಕು. ಶುಭ್ರವಾದ ಒಣ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂಬ ಸೂಚನೆ. ಡಾಕ್ಟರು ವಿಷನಿವಾರಕ ಔಷಧಿ ಆರಂಭಿಸುವ ಮೊದಲು ಅಡ್ರಿನಲಿನ್ ಸೂಜಿಮದ್ದನ್ನು ಸಿದ್ಧವಾಗಿ ಎಳೆದಿಟ್ಟಿರಬೇಕು, ಏಕೆಂದರೆ ಆ ಔಷಧಿಯೇ ಕೆಲವರ ಮೈಗೆ ಒಗ್ಗುವುದಿಲ್ಲ. ನೋಡಿ, ಇಷ್ಟು ಕೆಲಸ ಒಂದರ ಹಿಂದೆ ಒಂದು ಸಾಲಾಗಿ ನಿಂತಿರುವಾಗ ಹೆದರಿಕೊಂಡು ಕೂರಲು ಪುರುಸೊತ್ತೇ ಇರುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡುವುದೇ ಎಷ್ಟೋ ಹೊಸಬರಿಗೆ ದೊಡ್ಡ ಭಯ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಬೈಯುತ್ತಾರೇನೋ ಎಂದು ಬೆಳಗಾಗಲಿ ಎಂದು ಕಾಯುತ್ತಾರೆ. ಕಾಯುವಷ್ಟರಲ್ಲಿ ರೋಗಿ ಕೈಮೀರಬಹುದು. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಸುದ್ದಿ ಮುಟ್ಟಿಸಲು ಒಂದು ಕ್ರಮವಿತ್ತು, ಅದು ಮುಂದೆ ಆಸ್ಪತ್ರೆಗಳಿಗೂ ಬಂತು. ನಾಲ್ಕೇ ಮಾತು. ಈಗ ಏನಾಗಿದೆ, ಹಿಂದೆ ಏನಿತ್ತು, ನಾನು ನೋಡಿದ್ದೇನು, ನಿಮ್ಮಿಂದ ನನಗೇನು ಬೇಕು. ಕೇಳಿ, ಹೀಗೆ ಹೇಳಬಹುದು: "ಸಾರ್, ಹೆಂಗಸರ ವಾರ್ಡಿನಿಂದ ಸಿಸ್ಟರ್ ಮಾತಾಡ್ತಿದ್ದೀನಿ. ಆರನೇ ಹಾಸಿಗೆಯವರ ಬಿ.ಪಿ. 90 ಕ್ಕೆ 60 ಆಗಿದೆ. 45 ವರ್ಷದವರು, ವಾಂತಿ ಭೇದಿ ಅಂತ ನಿನ್ನೆ ಸೇರಿದವರು, ಸಂಜೆ 120 ಕ್ಕೆ 80 ಇತ್ತು. ಈಗ ನಾಡಿ 120, ಬಾಯಿ ಒಣಗಿದೆ, ಆರು ಗಂಟೆಯಿಂದ ಮೂತ್ರ ಹೋಗಿಲ್ಲ. ಮೈಯಲ್ಲಿ ನೀರು ಕಮ್ಮಿಯಾಗಿದೆ ಅನ್ನಿಸ್ತಿದೆ. ತಾವು ಬಂದು ನೋಡಬೇಕು ಸಾರ್. ಅಷ್ಟರಲ್ಲಿ ಡ್ರಿಪ್ ಎಷ್ಟು ವೇಗಕ್ಕೆ ಇಡಲಿ?" ಫೋನ್ ಮಾಡುವ ಮೊದಲು ಕೇಸ್ ಶೀಟು ಕೈಯಲ್ಲಿರಲಿ. ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಅವರಿಗೇ ತಿರುಗಿ ಓದಿ ಹೇಳಿ. ಹೀಗೆ ಅಚ್ಚುಕಟ್ಟಾಗಿ ಹೇಳಿದವಳ ಮೇಲೆ ಡಾಕ್ಟರಿಗೂ ನಂಬಿಕೆ ಬೆಳೆಯುತ್ತದೆ. ಒಂದು ವೇಳೆ ಬೈದರೂ ಬೈಗುಳ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ.

ಇನ್ನು ಭಾಷೆಯ ಮಾತು. ನಮ್ಮ ಮಕ್ಕಳಲ್ಲಿ ಒಂದು ಹಿಂಜರಿಕೆ ಇದೆ. ಕೊಯಮತ್ತೂರಿನಲ್ಲಿ ನಮ್ಮ ತಮಿಳು ಕೇಳಿ ನಗುತ್ತಾರೆ, ಮೈಸೂರಿನಲ್ಲಿ ನಮ್ಮ ಕನ್ನಡ ಕೇಳಿ ನಗುತ್ತಾರೆ, ಇಂಗ್ಲಿಷಿನಲ್ಲಿ ಬರೆಯಲು ಕೈ ಬರುವುದಿಲ್ಲ ಎಂದು. ಆದರೆ ಎರಡು ಭಾಷೆ ಬಲ್ಲ ನರ್ಸು ಆಸ್ಪತ್ರೆಗೆ ಎಷ್ಟು ಉಪಯೋಗ ಎಂಬುದನ್ನು ಯೋಚಿಸಿ. ತಮಿಳಿನ ರೋಗಿ "ಮಯಕ್ಕಂ" ಎಂದರೆ ತಲೆ ಸುತ್ತಿದ್ದೂ ಆಗಬಹುದು, ಪ್ರಜ್ಞೆ ತಪ್ಪಿ ಬಿದ್ದದ್ದೂ ಆಗಬಹುದು. ಯಾವುದು ಎಂದು ಎರಡನೇ ಪ್ರಶ್ನೆ ಕೇಳಬೇಕು. "ನೆಂಜು ವಲಿ" ಎಂದರೆ ಎದೆನೋವು, "ಮೂಚ್ಚು ತಿಣರಲ್" ಎಂದರೆ ಉಸಿರು ಕಟ್ಟುವುದು. ನಮ್ಮ ಊರಿನ ಅಜ್ಜ "ಎದೆ ಹಿಡ್ಕಂಡದೆ ಕನವ್ವ" ಎಂದಾಗ ಅದು ಬರೀ ಗಾಳಿ ನೋವೋ, ಹೃದಯದ ತೊಂದರೆಯೋ ಎಂದು ಅವರ ಮಾತಿನಲ್ಲೇ ಕೆದಕಿ ಕೇಳಬಲ್ಲವಳು ಈ ಬೆಟ್ಟದ ಹುಡುಗಿಯೇ. ಪಾಕೆಟ್ ನೋಟ್‌ಬುಕ್ಕಿನ ಇನ್ನೊಂದು ಪುಟದಲ್ಲಿ ಇಂಥ ಮಾತುಗಳನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ದಿನಕ್ಕೆ ಮೂರು ಪದ ಕಲಿತರೂ ವರ್ಷಕ್ಕೆ ಸಾವಿರ ದಾಟುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ಚಿಂತೆ ಇದೆ. ತಮಿಳುನಾಡಿನಲ್ಲಿ ಓದಿ ಅಲ್ಲಿನ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದವರು ಕರ್ನಾಟಕದಲ್ಲಿ ಕೆಲಸ ಮಾಡುವುದಾದರೆ ಅಲ್ಲಿನ ಕೌನ್ಸಿಲ್‌ನಲ್ಲೂ ನೋಂದಣಿಯ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಆ ಕಡೆ ಓದಿ ಈ ಕಡೆ ಬರುವವರಿಗೂ ಹಾಗೆಯೇ. 2023 ರಲ್ಲಿ ಶುಶ್ರೂಷೆಗೆಂದೇ ಹೊಸ ರಾಷ್ಟ್ರೀಯ ಕಾಯ್ದೆ ಬಂದಿದೆ. ಆದ್ದರಿಂದ ಅವರಿವರ ಮಾತು ನಂಬದೆ ಕೌನ್ಸಿಲ್ ಕಚೇರಿಯಲ್ಲೇ ವಿಚಾರಿಸಿ, ಕೆಲಸ ಹುಡುಕುವ ಮೊದಲೇ ಅರ್ಜಿ ಹಾಕಿ. ಮೂಲ ಪ್ರಮಾಣಪತ್ರಗಳನ್ನು ಎಲ್ಲಿಯೂ ಬಿಟ್ಟು ಬರಬೇಡಿ, ತೋರಿಸಿ ನಕಲು ಕೊಡಿ. ಕಾಗದ ಪತ್ರ ಸರಿಯಾಗಿದ್ದರೆ ಒಂದು ಚಿಂತೆ ಕಡಿಮೆ.

ಇಷ್ಟು ಎಚ್ಚರವಿದ್ದರೂ ತಪ್ಪು ಆಗಬಹುದು. ಆದರೆ ಏನು ಮಾಡಬೇಕು? ಆ ಕ್ಷಣವೇ ಇನ್‌ಚಾರ್ಜ್ ಸಿಸ್ಟರಿಗೆ, ಡಾಕ್ಟರಿಗೆ ಹೇಳಬೇಕು. ರೋಗಿಯನ್ನು ಬಿಡದೆ ನೋಡುತ್ತಿರಬೇಕು. ಆದದ್ದನ್ನು ಆದ ಹಾಗೆಯೇ ಬರೆಯಬೇಕು. ಹೆಚ್ಚಿನ ತಪ್ಪುಗಳನ್ನು ಬೇಗ ತಿಳಿದರೆ ಸರಿಪಡಿಸಬಹುದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ರೋಗಿಗೆ ಸಿಗಬೇಕಾದ ಸಮಯ ಕೈತಪ್ಪುತ್ತದೆ. ಹಿರಿಯ ಸಿಸ್ಟರುಗಳಲ್ಲಿ ಕೆಲವರ ಮಾತು ಒರಟು. ಕೆಲಸ ತಿದ್ದುವ ಒರಟು ಮಾತನ್ನು ಸಹಿಸಿಕೊಂಡು ಕಲಿಯಬಹುದು. ದಿನವೂ ಎಲ್ಲರೆದುರು ಹೀಯಾಳಿಸುವುದನ್ನು, ಜಾತಿಯನ್ನೋ ಊರನ್ನೋ ಎತ್ತಿ ಆಡುವುದನ್ನು ಸಹಿಸಬೇಕಾಗಿಲ್ಲ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ. ಯಾರಾದರೂ ಮೈಮುಟ್ಟುವ, ಕೆಟ್ಟದಾಗಿ ನಡೆದುಕೊಳ್ಳುವ ಪ್ರಸಂಗ ಬಂದರೆ ಅದಕ್ಕೆ 2013 ರ ಕಾನೂನಿದೆ. ಹತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕು.

ಈಗ ಮನೆಯವರಿಗೆ ನಾಲ್ಕು ಮಾತು. ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಹಗಲು ಮಲಗಿದರೆ ಅದು ಸೋಮಾರಿತನ ಎಂದು ತಿಳಿಯಬೇಡಿ. ಒಂದು ಕೋಣೆಗೆ ಪರದೆ ಹಾಕಿ ಕತ್ತಲೆ ಮಾಡಿ, ಟಿ.ವಿ. ಸದ್ದು ಕಡಿಮೆ ಮಾಡಿ, ಮಲಗಲು ಬಿಡಿ. ನಿದ್ದೆಗೆಟ್ಟ ತಲೆಗೆ ಸಣ್ಣ ಚಿಂತೆಯೂ ಬೆಟ್ಟವಾಗಿ ಕಾಣುತ್ತದೆ. ಪಾಳಿಯ ಕೊನೆಯಲ್ಲಿ ಬೆಳಗಿನ ಜಾವ ಕುಡಿದ ಕಾಫಿ ಮನೆಗೆ ಬಂದ ಮೇಲೂ ನಿದ್ದೆ ಕೆಡಿಸುತ್ತದೆ ಎಂಬುದನ್ನು ಆಕೆಯೂ ನೆನಪಿಡಬೇಕು. ದಿಂಬಂ ಘಾಟಿಯಲ್ಲಿ 2022 ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕೆಳಗೆ ಕೆಲಸ ಮಾಡುವವಳು ರಜೆ ಸಿಕ್ಕಿದ ಸಂಜೆಯೇ ಊರಿಗೆ ಬರಲಾಗದಿದ್ದರೆ ಕೋಪಿಸಿಕೊಳ್ಳಬೇಡಿ.

ಫೋನ್ ಮಾಡಿದಾಗ ಸಂಬಳ ಬಂತಾ, ಸಾಲದ ಕಂತು ಕಟ್ಟಿದೆಯಾ, ಗಂಡಿನ ಕಡೆಯವರು ಬರುತ್ತಾರಂತೆ ಎಂಬ ಮಾತುಗಳನ್ನೇ ಮೊದಲು ಎತ್ತಬೇಡಿ. ಊಟ ಆಯಿತಾ, ಇವತ್ತು ವಾರ್ಡಿನಲ್ಲಿ ಏನೇನಾಯಿತು ಎಂದು ಕೇಳಿ. ಆಕೆ ಹೇಳುವ ರೋಗದ ಹೆಸರು ನಿಮಗೆ ಅರ್ಥವಾಗದಿದ್ದರೂ ಹ್ಞೂಂಗುಟ್ಟುತ್ತಾ ಕೇಳಿ. ಕೇಳುವವರಿದ್ದಾರೆ ಎಂಬುದೇ ದೊಡ್ಡ ಧೈರ್ಯ. "ಬಿಟ್ಟು ಬಂದುಬಿಡುತ್ತೇನೆ" ಎಂದ ರಾತ್ರಿಯೇ ತೀರ್ಮಾನ ಮಾಡಬೇಡಿ. ನಾಲ್ಕು ದಿನ ರಜೆ ಹಾಕಿಸಿ ಕರೆಸಿಕೊಳ್ಳಿ, ನಿದ್ದೆ ಮಾಡಲಿ, ಆಮೇಲೆ ಕುಳಿತು ಮಾತಾಡಿ.

ನೆರೆಹೊರೆಯವರಿಗೂ ಒಂದು ವಿನಂತಿ. ಮಗಳು ನರ್ಸಾದಳು ಎಂದ ಕೂಡಲೇ ಊರಿನವರು ಮನೆ ಬಾಗಿಲಿಗೆ ಬಂದು, "ಒಂದು ಸೂಜಿ ಹಾಕ್ಬುಡವ್ವ, ಜರ ಬಿಡ್ತಾ ಇಲ್ಲ" ಎನ್ನುತ್ತಾರೆ. ಡಾಕ್ಟರು ಬರೆದುಕೊಡದೆ ಸೂಜಿ ಹಾಕುವ ಅಧಿಕಾರ ಆಕೆಗಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಆಕೆಯ ನೋಂದಣಿಗೇ ಕುತ್ತು. ಇಲ್ಲ ಎಂದರೆ ದೊಡ್ಡವಳಾಗಿಬಿಟ್ಟಳು ಎಂದು ಮಾತಾಡಬೇಡಿ. ಜ್ವರ ನೋಡಿ, ಬಿ.ಪಿ. ನೋಡಿ, ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ಹೇಳುವಳು. ಊರಿಗೆ ಅಷ್ಟೇ ದೊಡ್ಡ ಉಪಕಾರ.

ಕೊನೆಯದಾಗಿ, ಎಲ್ಲ ಭಯವೂ ತಾನಾಗಿ ಇಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಡ್ಯೂಟಿಯ ಹೆಸರು ಕೇಳಿದರೇ ವಾಂತಿ ಬರುವಂತಾದರೆ, ಮನೆಗೆ ಬಂದ ಮೇಲೂ ವಾರ್ಡಿನದೇ ಯೋಚನೆ ಸುತ್ತುತ್ತಿದ್ದರೆ, ನಿದ್ದೆಗೆ ಮಾತ್ರೆಯ ಆಸರೆ ಹುಡುಕುವಂತಾದರೆ ಡಾಕ್ಟರಿಗೆ ತೋರಿಸಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬಾರದು, ಅಂದೇ ಯಾರಿಗಾದರೂ ಹೇಳಬೇಕು, ಆಕೆಯನ್ನು ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರ 2022 ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ, ತಮಿಳಿನಲ್ಲೂ ಮಾತಾಡುತ್ತಾರೆ. ರೋಗಿಗಳಿಗೆ ನಾಚಿಕೆಪಡಬೇಡಿ ಎಂದು ಹೇಳುವ ನರ್ಸು ತಾನು ನಾಚಿಕೊಂಡು ಕೂರಬಾರದು. ಮತ್ತೆ ಹೇಳುತ್ತೇನೆ, 14416.

ಕೆಲವರಿಗೆ ವಾರ್ಡಿನ ಕೆಲಸ ನಿಜವಾಗಿಯೂ ಒಗ್ಗುವುದಿಲ್ಲ. ಒಂದು ವರ್ಷ ನೋಡಿದ ಮೇಲೂ ಹಾಗೆಯೇ ಅನ್ನಿಸಿದರೆ ಅದು ಅಪರಾಧವೇನೂ ಅಲ್ಲ. ಹಳ್ಳಿಯ ಆರೋಗ್ಯ ಕೆಲಸ, ಶಾಲೆಯ ಆರೋಗ್ಯ ತಪಾಸಣೆ, ಹೊಸ ಮಕ್ಕಳಿಗೆ ಪಾಠ ಹೇಳುವುದು, ಹೀಗೆ ನರ್ಸಿಂಗ್ ಓದಿದವರಿಗೆ ಬೇರೆ ದಾರಿಗಳೂ ಇವೆ. ಹೆಚ್ಚಿನವರಿಗೆ ಆ ಒಂದು ವರ್ಷ ಕಳೆಯುವಷ್ಟರಲ್ಲಿ ಕೈಗೆ ಕೆಲಸ ಕುದುರಿರುತ್ತದೆ. ಹಿಂದಿನ ವರ್ಷ ತಾನು ನಿಂತಿದ್ದ ಜಾಗದಲ್ಲಿ ಇನ್ನೊಬ್ಬ ಹೊಸ ಹುಡುಗಿ ಸಿರಿಂಜು ಹಿಡಿದು ನಡುಗುತ್ತಾ ನಿಂತಿರುತ್ತಾಳೆ. ಆಗ ಆಕೆಯ ಪಕ್ಕಕ್ಕೆ ಹೋಗಿ, "ಬಾ, ಇಬ್ಬರೂ ಸೇರಿ ಮಾಡೋಣ" ಎಂದು ಹೇಳುವುದನ್ನು ಮಾತ್ರ ಮರೆಯಬೇಡಿ.

ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ನಮ್ಮ ಬೆಟ್ಟದ ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.